ಮರಿಯ ಊಟದಿಂದ ಹಿಂದಕ್ಕೆ ಎಣಿಸಿ: ಕೆರೆ ಏರಿಯ ಮೇಲೆ ಹಕ್ಕಿಗಳ ಲೆಕ್ಕ ಬರೆದ ನನ್ನ ಅನುಭವ

ಹಕ್ಕಿ ನೋಡಲು ಎಲ್ಲಿಗೆ ಹೋಗಬೇಕು ಅಂತ ತುಂಬಾ ಜನ ಕೇಳುತ್ತಾರೆ. ನಿಮ್ಮೂರ ಕೆರೆಗೇ ಹೋಗಿ, ವರ್ಷವಿಡೀ ಹೋಗಿ ಅನ್ನುತ್ತೇನೆ. ರಂಗನತಿಟ್ಟು, ಕೊಕ್ಕರೆಬೆಳ್ಳೂರು, ಗದಗ ಜಿಲ್ಲೆಯ ಮಾಗಡಿ ಕೆರೆ, ಎಲ್ಲವೂ ನೋಡಲೇಬೇಕಾದ ಜಾಗಗಳೇ. ಆದರೆ ಒಂದು ಸಲ ಹೋಗಿ ಬಂದರೆ ಹಕ್ಕಿ ಕಾಣುತ್ತದೆ, ಕಾಲ ಕಾಣುವುದಿಲ್ಲ. ಯಾವ ಹಕ್ಕಿ ಯಾವಾಗ ಬಂತು, ಯಾವಾಗ ಬಣ್ಣ ಬದಲಾಯಿಸಿತು, ಯಾವಾಗ ಕೊಕ್ಕಿನಲ್ಲಿ ಕಡ್ಡಿ ಹಿಡಿಯಿತು, ಯಾವಾಗ ಹೊರಟಿತು? ಇದು ತಿಳಿಯಬೇಕಾದರೆ ಒಂದೇ ಜಾಗವನ್ನು ಬಿಡದೆ ನೋಡಬೇಕು.

ನಾನು ನಂಜನಗೂಡು ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಶಾಲೆಯ ಹಿಂದೆಯೇ ಕೆರೆ. ದೊಡ್ಡದೇನಲ್ಲ. ಮಳೆ ಚೆನ್ನಾಗಿ ಬಿದ್ದರೆ ಕೋಡಿ ಬೀಳುತ್ತದೆ, ಇಲ್ಲದಿದ್ದರೆ ಬೇಸಿಗೆಯಲ್ಲಿ ಅರ್ಧಕ್ಕರ್ಧ ಒಣಗಿ ಬಿರುಕು ಬಿಡುತ್ತದೆ. ಭಾನುವಾರ ಬೆಳಗ್ಗೆ ಏರಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವುದು, ತೂಬಿನ ಹತ್ತಿರ, ಅರಳಿಮರದ ಹತ್ತಿರ, ಕೋಡಿಯ ಹತ್ತಿರ ನಿಂತು ಎಣಿಸುವುದು. ಇಷ್ಟೇ ನನ್ನ ಪದ್ಧತಿ. ಬೇಕಾದದ್ದು ಒಂದು ಸಾಧಾರಣ ದುರ್ಬೀನು, ಒಂದು ನೋಟ್ ಬುಕ್ಕು, ಪೆನ್ಸಿಲ್ಲು. ಪೆನ್ಸಿಲ್ಲೇ ಆಗಬೇಕು. ಜಡಿಮಳೆಯಲ್ಲಿ ಪೆನ್ನಿನ ಶಾಯಿ ಕರಗಿ ಹರಿದುಹೋಗುತ್ತದೆ.

ಎಣಿಸುವಾಗ ಸಮಯ ಮತ್ತು ದಾರಿ ಬದಲಾಯಿಸುವುದಿಲ್ಲ. ಒಂದು ವಾರ ಬೆಳಗ್ಗೆ, ಇನ್ನೊಂದು ವಾರ ಸಂಜೆ ಹೋದರೆ ಎರಡು ವಾರಗಳನ್ನು ಹೋಲಿಸಲು ಆಗುವುದಿಲ್ಲ. ದೊಡ್ಡ ಗುಂಪಾದರೆ ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಅಂತ ಮೊದಲು ನೋಡಿಕೊಂಡು, ಅಷ್ಟಷ್ಟು ಜಾಗವನ್ನು ಕಣ್ಣಲ್ಲೇ ಅಳೆಯುತ್ತಾ ಹೋಗುತ್ತೇನೆ. ಎಲ್ಲಕ್ಕಿಂತ ಮುಖ್ಯ, 'ಇಲ್ಲ' ಅಂತ ಬರೆಯುವುದು. ಹೋದ ವಾರ ಇದ್ದ ಬಾತು ಈ ವಾರ ಇಲ್ಲದಿದ್ದರೆ ಅದರ ಹೆಸರಿನ ಮುಂದೆ ಸೊನ್ನೆ ಬೀಳಲೇಬೇಕು. ಬಂದ ದಿನವನ್ನು ಎಲ್ಲರೂ ಖುಷಿಯಿಂದ ಬರೆಯುತ್ತಾರೆ. ಹೋದ ದಿನ ಸುಮ್ನೆ ಕಳೆದುಹೋಗುತ್ತದೆ. ವಲಸೆ ಅಂದರೆ ಬರುವುದು ಹೋಗುವುದು ಎರಡೂ ಅಲ್ವಾ?

ಶುರುವಿನಲ್ಲಿ 'ದೀಪಾವಳಿಗೆ ಮೊದಲು', 'ಯುಗಾದಿ ಕಳೆದ ಮೇಲೆ' ಅಂತ ಬರೆಯುತ್ತಿದ್ದೆ. ಕೆರೆಯಲ್ಲಿ ಮೀನು ಹಿಡಿಯುವ ಒಬ್ಬ ಹಿರಿಯರು ಅದನ್ನು ಕೇಳಿಸಿಕೊಂಡು, "ಹಬ್ಬದ ಲೆಕ್ಕ ಬ್ಯಾಡ ಮೇಷ್ಟ್ರೇ, ಮಳೆ ಲೆಕ್ಕದಲ್ಲಿ ಬರ್ಕಳಿ" ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಹಬ್ಬಗಳು ಚಂದ್ರನ ಲೆಕ್ಕ, ಒಂದು ವರ್ಷ ಮುಂದೆ ಒಂದು ವರ್ಷ ಹಿಂದೆ ಆಗುತ್ತವೆ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕ. ರೋಹಿಣಿ, ಆರಿದ್ರೆ, ಉತ್ತರೆ, ಹಸ್ತೆ, ಸ್ವಾತಿ ಎಲ್ಲ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ದೂರದಿಂದ ಬರುವ ಹಕ್ಕಿಗಳು ನಡೆಯುವುದೂ ಸೂರ್ಯನ ಲೆಕ್ಕದಲ್ಲೇ. ಹಾಗಾಗಿ ನನ್ನ ಪುಸ್ತಕದಲ್ಲಿ ತಾರೀಖಿನ ಪಕ್ಕ ಮಳೆಯ ಹೆಸರೂ ಇರುತ್ತದೆ. ಉತ್ತರೆ ಮಳೆಯ ಹೊತ್ತಿಗೆ ಕೋಡಿಯ ಕಲ್ಲುಗಳ ಮೇಲೆ ಬಾಲ ಕುಣಿಸುತ್ತಾ ಬೂದು ಸಿಪಿಲೆ ಎಂಬ ಪುಟ್ಟ ವಲಸೆ ಹಕ್ಕಿ ಹಾಜರು. ಹಸ್ತೆ, ಚಿತ್ತೆ ಕಳೆಯುವುದರೊಳಗೆ ಬಿಳಿ ಹುಬ್ಬಿನ ಬಾತುಗಳು. ವಿಶಾಖೆ ಮುಗಿಯುತ್ತಾ ಬಂದಂತೆ ಪಟ್ಟೆತಲೆ ಹೆಬ್ಬಾತುಗಳಿಗೆ ಕಾಯುತ್ತೇನೆ.

ಸೂರ್ಯನ ಲೆಕ್ಕ ಅಂದೆನಲ್ಲ, ಅದು ಹೇಗೆ ಅಂತ ಮಕ್ಕಳು ಕೇಳುತ್ತಾರೆ. ನಾನು ಅವರಿಗೆ ವಿಲಿಯಂ ರೋವನ್ ಅವರ ಕಥೆ ಹೇಳುತ್ತೇನೆ. 1920ರ ದಶಕದಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಅವರು ಜುಂಕೊ ಎಂಬ ಪುಟ್ಟ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲೇ ಹೊರಗಿನ ಪಂಜರದಲ್ಲಿಟ್ಟರು. ಸಂಜೆ ಬಲ್ಬು ಹಾಕಿ ಹಗಲನ್ನು ದಿನಾ ಸ್ವಲ್ಪ ಸ್ವಲ್ಪ ಉದ್ದ ಮಾಡುತ್ತಾ ಹೋದರು. ಚಳಿ ಇದ್ದ ಹಾಗೇ ಇತ್ತು. ಆದರೂ ಗಂಡು ಹಕ್ಕಿಗಳ ವೃಷಣಗಳು ವಸಂತದಲ್ಲಿ ಬೆಳೆಯುವ ಹಾಗೆ ಬೆಳೆದವು. ಹಕ್ಕಿಗೆ ಕಾಲ ತಿಳಿಸಿದ್ದು ಸೆಕೆಯಲ್ಲ, ಹಗಲಿನ ಉದ್ದ. ಮರಿ ಮಾಡುವ ಕಾಲ ಮುಗಿದ ಮೇಲೆ ಈ ಅಂಗಗಳು ಮತ್ತೆ ಕುಗ್ಗಿ ತೀರಾ ಸಣ್ಣದಾಗುತ್ತವೆ. ದೂರ ಹಾರುವ ಹಕ್ಕಿಗೆ ಬೇಡದ ಭಾರ ಯಾಕೆ?

ನಮ್ಮಲ್ಲಿ ಒಂದು ತೊಡಕಿದೆ. ಮಂಗೋಲಿಯಾದಲ್ಲಿ ಬೇಸಿಗೆಯ ದೊಡ್ಡ ಹಗಲು ಸುಮಾರು 16 ಗಂಟೆ, ಚಳಿಗಾಲದಲ್ಲಿ ಅದರ ಅರ್ಧದಷ್ಟು. ಮೈಸೂರು ಸೀಮೆಯಲ್ಲಿ ದೊಡ್ಡ ಹಗಲಿಗೂ ಸಣ್ಣ ಹಗಲಿಗೂ ಇರುವ ವ್ಯತ್ಯಾಸವೇ ಒಂದೂವರೆ ಗಂಟೆ ಆಸುಪಾಸು. ಇಷ್ಟರಲ್ಲಿ ಹೊರಡುವ ಕಾಲ ಹಕ್ಕಿಗೆ ಹೇಗೆ ಗೊತ್ತಾಗುತ್ತದೆ? ಹಗಲು ಉದ್ದವಾಗುವ ಸುಳಿವಿನ ಜೊತೆಗೆ ಅದರ ಮೈಯೊಳಗೇ ಒಂದು ವರ್ಷದ ಗಡಿಯಾರ ಇದೆ. ಜರ್ಮನಿಯ ಎಬರ್ಹಾರ್ಡ್ ಗ್ವಿನ್ನರ್ ವಲಸೆ ಹಕ್ಕಿಗಳನ್ನು ವರ್ಷಗಟ್ಟಲೆ 12 ಗಂಟೆ ಬೆಳಕು, 12 ಗಂಟೆ ಕತ್ತಲೆಯಲ್ಲಿಟ್ಟು ನೋಡಿದರು. ಹೊರಗಿನ ಸುಳಿವು ಒಂದೂ ಇಲ್ಲ. ಆದರೂ ಅವು ಸರದಿಯಂತೆ ಪುಕ್ಕ ಉದುರಿಸಿದವು, ಹೊರಡುವ ಕಾಲ ಬಂದಾಗ ರಾತ್ರಿ ನಿದ್ದೆ ಬಿಟ್ಟು ರೆಕ್ಕೆ ಬಡಿದವು. ಈ ಚಡಪಡಿಕೆಯನ್ನು ನಾನು ಪ್ರತಿ ವರ್ಷ ನಮ್ಮ ಕೆರೆಯ ಹೆಬ್ಬಾತುಗಳಲ್ಲೂ ಕಾಣುತ್ತೇನೆ. ಫೆಬ್ರವರಿ ಕಳೆಯುತ್ತಿದ್ದಂತೆ ಕೂಗು ಜಾಸ್ತಿಯಾಗುತ್ತದೆ. ಗುಂಪು ಸುಮ್ಮಸುಮ್ಮನೆ ಎದ್ದು ಕೆರೆಯ ಮೇಲೆ ಸುತ್ತು ಹಾಕಿ ಮತ್ತೆ ಇಳಿಯುತ್ತದೆ. ಆ ವಾರಗಳಲ್ಲಿ ಭಾನುವಾರಕ್ಕೆ ಕಾಯದೆ ದಿನಾ ಹೋಗುತ್ತೇನೆ. ಹೋದ ದಿನದ ಸೊನ್ನೆ ನನಗೆ ಅಷ್ಟು ಬೇಕು.

ಈ ಹೆಬ್ಬಾತುಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಇವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ, ನಮ್ಮ ದೇಶದಲ್ಲಾದರೆ ಲಡಾಖಿನಲ್ಲಿ. ಚಳಿಗಾಲ ಕಳೆಯಲು ಹಿಮಾಲಯ ದಾಟಿ ಬರುತ್ತವೆ. ಇವುಗಳ ರಕ್ತದ ಹಿಮೋಗ್ಲೋಬಿನ್ ತೆಳುವಾದ ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೆನ್ನಿಗೆ ಯಂತ್ರ ಕಟ್ಟಿ ಹಿಂಬಾಲಿಸಿದ ವಿಜ್ಞಾನಿಗಳಿಗೆ ಸಿಕ್ಕ ಗರಿಷ್ಠ ಎತ್ತರ 7,290 ಮೀಟರ್. ಆದರೆ ಬಹುಪಾಲು ಹಾರಾಟ ಅದಕ್ಕಿಂತ ತುಂಬಾ ಕೆಳಗೆ. ಕಣಿವೆ ಬಂದರೆ ಇಳಿದು, ಬೆಟ್ಟ ಬಂದರೆ ಏರಿ, ನೆಲದ ಏರಿಳಿತವನ್ನೇ ಅನುಸರಿಸಿ ಹೋಗುತ್ತವೆ. ಒಮ್ಮೆ ಮೇಲೇರಿ ಅಲ್ಲೇ ಹಾರುವುದಕ್ಕಿಂತ ಹೀಗೆ ಮಾಡಿದರೆ ಶ್ರಮ ಕಡಿಮೆ. ಇದನ್ನು ಓದಿದಾಗ ನನಗೆ ಆ ಹಕ್ಕಿಗಳ ಮೇಲೆ ಗೌರವ ಇನ್ನೂ ಹೆಚ್ಚಾಯಿತು.

ಇಲ್ಲಿ ನಿಂತುಕೊಂಡೇ ಅಲ್ಲಿಯ ಸುದ್ದಿ ತಿಳಿಯುವ ಒಂದು ದಾರಿ ಇದೆ. ದೊಡ್ಡ ಹೆಬ್ಬಾತಿಗೆ ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಆ ವರ್ಷ ಹುಟ್ಟಿದ ಮರಿಗೆ ಪಟ್ಟೆ ಇನ್ನೂ ಮೂಡಿರುವುದಿಲ್ಲ, ನೆತ್ತಿಯಿಂದ ಕತ್ತಿನ ಹಿಂಭಾಗದವರೆಗೆ ಬೂದುಗಂದು. ಬಾತುಗಳಂತಲ್ಲ ಇವು, ಅಪ್ಪ ಅಮ್ಮ ಮಕ್ಕಳು ಚಳಿಗಾಲದಲ್ಲೂ ಜೊತೆಗೇ ಇರುತ್ತಾರೆ. ಹಾಗಾಗಿ ನವೆಂಬರ್, ಡಿಸೆಂಬರಿನಲ್ಲೇ ಪಟ್ಟೆ ಇರುವವು ಎಷ್ಟು, ಇಲ್ಲದವು ಎಷ್ಟು ಅಂತ ಬೇರೆ ಬೇರೆ ಎಣಿಸುತ್ತೇನೆ. ಮರಿಗಳು ಚೆನ್ನಾಗಿ ಕಂಡರೆ, ನಮ್ಮ ಕೆರೆಗೆ ಬಂದ ಕುಟುಂಬಗಳ ಮಟ್ಟಿಗಾದರೂ ಅಲ್ಲಿಯ ಬೇಸಿಗೆ ಚೆನ್ನಾಗಿ ನಡೆದಿದೆ ಅಂತ ಅರ್ಥ. ಜನವರಿ ಕಳೆದ ಮೇಲೆ ಎಣಿಸಿದರೆ ಮರಿಗೂ ಪಟ್ಟೆ ಮೂಡುತ್ತಾ ಬಂದಿರುತ್ತದೆ, ಗುರುತು ಕಷ್ಟ. ವಿಜ್ಞಾನಿಗಳು ಗುರುತಿಗಾಗಿ ಕತ್ತಿಗೆ ಪಟ್ಟಿ ಹಾಕಿದ ಹಕ್ಕಿಯೇನಾದರೂ ಕಂಡರೆ ಅದರ ಮೇಲಿನ ಅಕ್ಷರ, ಅಂಕಿಗಳನ್ನು ಹಾಗೇ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡಿವೆ. ಹಗಲು ಹೊತ್ತು ಅವು ನೀರಿನಲ್ಲೋ ದಡದಲ್ಲೋ ವಿರಮಿಸುತ್ತವೆ, ಕತ್ತಲಾದ ಮೇಲೆ ಹೊಲಗಳಿಗೆ ಮೇಯಲು ಹೋಗುತ್ತವೆ. ಪಟ್ಟಿ ಓದಬೇಕಾದರೆ ಬೆಳಗ್ಗೆ ದಡದಲ್ಲಿ ಕೂತಾಗಲೇ ಓದಬೇಕು.

ಬಿಳಿ ಹುಬ್ಬಿನ ಬಾತಿನ ಕಥೆ ಬೇರೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಂದಾಗ ಗಂಡಿಗೂ ಹೆಣ್ಣಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಎಲ್ಲ ಕಂದು. ಹೊಸದಾಗಿ ನೋಡುವವರು ಇಲ್ಲೇ ಬೇಸರ ಪಡುತ್ತಾರೆ. ತಾಳ್ಮೆ ಇರಲಿ. ಫೆಬ್ರವರಿಗೆ ಬನ್ನಿ, ಗಂಡು ಮದುವೆ ಗಂಡಿನ ಹಾಗೆ ಸಜ್ಜಾಗಿರುತ್ತದೆ, ಕಣ್ಣಿನ ಮೇಲೆ ದಪ್ಪ ಬಿಳಿ ಹುಬ್ಬು ಎದ್ದು ಕಾಣುತ್ತದೆ. ಎಷ್ಟೋ ಬಾತುಗಳು ಜೋಡಿಯಾಗುವುದು ಚಳಿಗಾಲ ಕಳೆಯುವ ಕೆರೆಗಳಲ್ಲೇ. ಮರಿ ಮಾಡುವುದು ಸಾವಿರಾರು ಕಿಲೋಮೀಟರ್ ಆಚೆ ಆದರೂ ಅದರ ಸಿದ್ಧತೆ ನಮ್ಮ ಕಣ್ಣೆದುರೇ ನಡೆಯುತ್ತದೆ.

ಇನ್ನು ಇಲ್ಲೇ ಮರಿ ಮಾಡುವ ಹಕ್ಕಿಗಳು. ಒಂದೇ ಕೆರೆಯ ಸುತ್ತ ಒಂದು ಹಕ್ಕಿ ಜನವರಿಯಲ್ಲಿ ಗೂಡು ಕಟ್ಟುತ್ತದೆ, ಇನ್ನೊಂದು ಏಪ್ರಿಲ್‌ನಲ್ಲಿ, ಮತ್ತೊಂದು ಜುಲೈಯಲ್ಲಿ. ಯಾಕೆ ಹೀಗೆ ಅಂತ ಬಹಳ ಕಾಲ ತಲೆ ಕೆಡಿಸಿಕೊಂಡಿದ್ದೇನೆ. ಕೊನೆಗೆ ಹಿಡಿದ ದಾರಿ ಇದು. ಹಕ್ಕಿ ಯಾವಾಗ ಗೂಡು ಕಟ್ಟುತ್ತದೆ ಅಂತ ಕೇಳಬೇಡಿ. ಅದರ ಮರಿಗೆ ಊಟ ಯಾವಾಗ ಧಾರಾಳ ಅಂತ ಕೇಳಿ, ಅಲ್ಲಿಂದ ಹಿಂದಕ್ಕೆ ಎಣಿಸಿ.

ಬಣ್ಣದ ಕೊಕ್ಕರೆಯನ್ನೇ ತೆಗೆದುಕೊಳ್ಳಿ. ಮರಿಗೆ ಮೀನು ಬೇಕು, ಅದೂ ರಾಶಿ ರಾಶಿ. ಮಳೆಗಾಲದಲ್ಲಿ ಕೆರೆ ತುಂಬಿದಾಗ ಮೀನು ಆಳದಲ್ಲಿ ಚದುರಿಹೋಗುತ್ತದೆ. ಬೇಸಿಗೆ ಕಡೆಗೆ ನೀರು ಇಳಿದಂತೆ ಮಡುಗಳಲ್ಲಿ ಒಟ್ಟಾಗುತ್ತದೆ, ಕೊಕ್ಕಾಡಿಸಿದರೆ ಸಿಗುತ್ತದೆ. ಮೊಟ್ಟೆಗೆ ಸುಮಾರು ಒಂದು ತಿಂಗಳು, ಮರಿ ಹಾರಲು ಸುಮಾರು ಎರಡು ತಿಂಗಳು. ಹಿಂದಕ್ಕೆ ಎಣಿಸಿದರೆ ಜನವರಿ ಆಸುಪಾಸಿಗೆ ಗೂಡು ಶುರುವಾಗಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹುಣಸೆ, ಅತ್ತಿ ಮರಗಳ ಮೇಲೆ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಸಂಸಾರ ಹೂಡುವುದು ಈ ಕಾಲದಲ್ಲೇ. ಅದೇ ಕೊಕ್ಕರೆ ದೆಹಲಿ, ಭರತಪುರದ ಕಡೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಗೂಡು ಕಟ್ಟುತ್ತದೆ. ಹಕ್ಕಿ ಒಂದೇ, ನೀರಿನ ಲೆಕ್ಕ ಬೇರೆ.

ಗೀಜಗನಿಗೆ ಇದು ಪೂರ್ತಿ ಉಲ್ಟಾ. ಅದಕ್ಕೆ ಗೂಡು ಹೆಣೆಯಲು ಉದ್ದನೆಯ ಹಸಿ ಹುಲ್ಲಿನ ಎಳೆ ಬೇಕು, ಮರಿಗೆ ಹುಳ ಹುಪ್ಪಟೆ ಮತ್ತು ಹಾಲುಗಾಳು ಬೇಕು. ಎರಡೂ ಸಿಗುವುದು ಮಳೆಗಾಲದಲ್ಲಿ. ಮುಂಗಾರು ಹಿಡಿದ ಮೇಲೆ ಗಂಡಿನ ನೆತ್ತಿ, ಎದೆ ಹಳದಿಯಾಗುತ್ತದೆ. ಬಾವಿಯ ಮೇಲೆ ಬಾಗಿದ ಈಚಲು ಗರಿಗೆ ಗೂಡು ನೇತುಹಾಕಿ, ಅರ್ಧ ಆದಾಗ ರೆಕ್ಕೆ ಬಡಿದು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಕೂತು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಮಾತ್ರ ಗಂಡು ಉದ್ದನೆಯ ಕೊಳವೆ ಕಟ್ಟಿ ಪೂರ್ತಿ ಮಾಡುತ್ತದೆ, ಮತ್ತೆ ಇನ್ನೊಂದು ಗೂಡು ಶುರು ಮಾಡುತ್ತದೆ. 1930ರಲ್ಲಿ ಮುಂಬೈ ಹತ್ತಿರದ ಕಿಹಿಮ್‌ನಲ್ಲಿ ಸಲೀಂ ಅಲಿ ದಿನಗಟ್ಟಲೆ ಕೂತು ಕಂಡುಕೊಂಡದ್ದು ಇದನ್ನೇ. ಮುಂಗಾರು ತಡವಾದ ವರ್ಷ ನಮ್ಮ ಬಾವಿಯ ಗೀಜಗಗಳೂ ತಡ ಮಾಡುತ್ತವೆ. ಸಿಪಿಲೆ ಮಾತ್ರ ಮಳೆ ಬರಲಿ ಬಿಡಲಿ ತನ್ನ ಕಾಲಕ್ಕೆ ಬಂದಿರುತ್ತದೆ. ಒಂದಕ್ಕೆ ಸೂರ್ಯನ ಗಡಿಯಾರ, ಇನ್ನೊಂದಕ್ಕೆ ಮಳೆಯ ಗಡಿಯಾರ. ನನ್ನ ಪುಸ್ತಕದಲ್ಲಿ ಈ ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ನೋಡುವುದು ನನಗೆ ತುಂಬಾ ಇಷ್ಟ. ಕೋಗಿಲೆಗೆ ಕಾಗೆಯೇ ಗಡಿಯಾರ. ಕಾಗೆ ಗೂಡು ಕಟ್ಟದೆ ಕೋಗಿಲೆಗೆ ಮೊಟ್ಟೆ ಇಡಲು ಜಾಗವಿಲ್ಲ.

ಗೂಡಿನ ಹತ್ತಿರ ಹೋಗದೆ ಇದೆಲ್ಲ ಹೇಗೆ ಬರೆಯುವುದು? ಕೊಕ್ಕು ನೋಡಿ. ಕೊಕ್ಕಿನಲ್ಲಿ ಕಡ್ಡಿ, ನಾರು ಇದ್ದರೆ ಗೂಡು ಕಟ್ಟುತ್ತಿದೆ. ಹುಳ ಹಿಡಿದು ತಿನ್ನದೆ ಹಾರಿಹೋದರೆ ಬಹುತೇಕ ಮರಿಗೆ ಒಯ್ಯುತ್ತಿದೆ. ಪೊದೆಯಿಂದ ಬಿಳಿ ಗುಳಿಗೆಯಂಥದ್ದನ್ನು ಕಚ್ಚಿಕೊಂಡು ಹೊರಬಂದರೆ ಅದು ಮರಿಯ ಹಿಕ್ಕೆ, ಗೂಡು ಚೊಕ್ಕ ಮಾಡುತ್ತಿದೆ. ಇಷ್ಟು ಸಾಕು. ಗೂಡಿಗೆ ಮೊಬೈಲ್ ಹಿಡಿದು ಫೋಟೋ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ನಾವು ಕೊಂಬೆ ಸರಿಸಿದ ಜಾಗವನ್ನು ಕಾಗೆ ಗಮನಿಸುತ್ತದೆ, ನಾವು ಹೋದ ಮೇಲೆ ಬರುತ್ತದೆ. ಮಕ್ಕಳಿಗೆ ಈ ಮಾತನ್ನು ಮೊದಲ ದಿನವೇ ಹೇಳಿಬಿಡುತ್ತೇನೆ.

ಈ ಪುಸ್ತಕ ಊರಿಗೆ ಉಪಯೋಗಕ್ಕೆ ಬಂದದ್ದು ಟಿಟ್ಟಿಭದ ವಿಷಯದಲ್ಲಿ. ಕೆರೆ ಒಣಗಿದಾಗ ಅದರ ಬಯಲಿನಲ್ಲೇ, ಬರಿಯ ನೆಲದ ಮೇಲೆ ಟಿಟ್ಟಿಭ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ನಾಲ್ಕು, ಮಣ್ಣಿನ ಹೆಂಟೆಯದೇ ಬಣ್ಣ. ಕಾವಿಗೆ ಸುಮಾರು ನಾಲ್ಕು ವಾರ. ಉರಿಬಿಸಿಲಿಗೆ ಮೊಟ್ಟೆ ಕಾಯದಂತೆ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಕೂರುತ್ತದೆ. ಹೂಳು ತೆಗೆಯಲು ಜೆಸಿಬಿ ಇಳಿಯುವುದೂ ಅದೇ ಬೇಸಿಗೆಯಲ್ಲಿ. ಅವು ವರ್ಷ ವರ್ಷ ಮೊಟ್ಟೆ ಇಡುತ್ತಿದ್ದದ್ದು ಕೋಡಿ ಕಡೆಯ ಎತ್ತರದ ನೆಲದಲ್ಲಿ ಅಂತ ನನ್ನ ನಕ್ಷೆಯಲ್ಲಿತ್ತು. ಕೆಲಸ ಶುರುವಾಗುವ ಮೊದಲು ಅದನ್ನು ಊರಿನ ಹಿರಿಯರ ಮುಂದಿಟ್ಟೆ. ತೂಬಿನ ಕಡೆಯಿಂದ ತೆಗೆಯುತ್ತಾ ಬನ್ನಿ, ಕೋಡಿ ಕಡೆಯದು ಕೊನೆಗಿರಲಿ ಅಂದೆ. "ಅಷ್ಟೇ ತಾನೇ ಮೇಷ್ಟ್ರೇ, ಎಲ್ಲಿಂದ ತೆಗೆದ್ರೂ ಹೂಳು ಹೂಳೇ" ಅಂದರು. ಮೊಟ್ಟೆ ಇದ್ದ ಜಾಗದ ಸುತ್ತ ಹುಡುಗರು ಮುಳ್ಳಿನ ಕೊಂಬೆ ಇಟ್ಟು ದನ ತುಳಿಯದಂತೆ ನೋಡಿಕೊಂಡರು. ಟಿಟ್ಟಿಭದ ಮರಿಗಳು ಮೊಟ್ಟೆ ಒಡೆದು ಬಂದ ಸ್ವಲ್ಪ ಹೊತ್ತಿಗೇ ಅಮ್ಮನ ಹಿಂದೆ ಓಡುತ್ತವೆ, ಗೂಡಿನಲ್ಲಿ ಕೂರುವುದೇ ಇಲ್ಲ. ಹಾಗಾಗಿ ಯಂತ್ರ ಆ ಮೂಲೆಗೆ ಬರುವ ಹೊತ್ತಿಗೆ ಅವು ದಡದ ಹಸಿ ಕೆಸರಿಗೆ ಇಳಿದಿದ್ದವು. ಈಗ ಹೂಳು ತೆಗೆಯುವ ಮಾತು ಬಂದಾಗಲೆಲ್ಲ ಹಿರಿಯರೇ ಶಾಲೆಗೆ ಹೇಳಿ ಕಳಿಸುತ್ತಾರೆ, ಈ ಸಲ ಯಾವ ಮೂಲೆ ಬಿಡಬೇಕು ಅಂತ.