ಗ್ಲಾಸ್ ನೈಲಾನ್ ಪಾರ್ಟನ್ನು ಪರೀಕ್ಷಿಸಿ ಕೊಳ್ಳುವುದು ಹೇಗೆ

ಕಲಬುರಗಿಯ ತೊಗರಿ ಬೇಳೆ ಮಿಲ್ಲಿಗೆ ಬ್ರ್ಯಾಕೆಟ್ಟೋ ಪುಲ್ಲಿಯೋ ಮಾಡಿಸುವಾಗ '30% ಗ್ಲಾಸ್ ನೈಲಾನ್, ಕಬ್ಬಿಣದಂಗ ಗಟ್ಟಿ' ಎಂಬ ಮಾತು ಕೇಳುತ್ತೀರಿ. ಅಂದರೆ ತೂಕದಲ್ಲಿ ಶೇ 30 ಸಣ್ಣ ಗಾಜಿನ ಎಳೆ ಬೆರೆಸಿ ಅಚ್ಚು ಹಾಕಿದ ನೈಲಾನ್ ಪ್ಲಾಸ್ಟಿಕ್. ಕಬ್ಬಿಣದ ಮಾತು ಬಿಡಿ: ಉಕ್ಕಿನ ಮಾಡ್ಯುಲಸ್ (ಬಾಗದೆ ನಿಲ್ಲುವ ಬಿಗುವಿನ ಅಳತೆ) 200 ಗಿಗಾಪಾಸ್ಕಲ್, ಗ್ಲಾಸ್ ನೈಲಾನಿನದು ಒಣಗಿದ್ದಾಗ 9–10. ಗ್ಲಾಸ್ ಬೆರೆಸದ ಬರೀ ನೈಲಾನ್ 66 ಎಂಬ ಜಾತಿಗೆ 3ರ ಆಸುಪಾಸು. ಗ್ಲಾಸ್ ಬೆರೆತರೆ ಎಳೆತ ತಾಳುವ ಬಲ ಸುಮಾರು 80ರಿಂದ 180 ಮೆಗಾಪಾಸ್ಕಲ್‌ಗೆ ಏರುತ್ತದೆ. ಬದಲಿಗೆ ಶೇ 3ರ ಆಸುಪಾಸು ಹಿಗ್ಗುವಷ್ಟರಲ್ಲಿ ಮುರಿಯುತ್ತದೆ.

ಮೊದಲು ಗ್ಲಾಸ್ ಎಷ್ಟಿದೆ ನೋಡಿ. ಒಣಗಿಸಿದ 5 ಗ್ರಾಂ ತುಂಡನ್ನು ಕ್ರೂಸಿಬಲ್‌ನಲ್ಲಿಟ್ಟು (ಕಾವು ತಾಳುವ ಬಟ್ಟಲು), ಮಫಲ್ ಫರ್ನೇಸ್ ಎಂಬ ಮುಚ್ಚಿದ ಕುಲುಮೆಯಲ್ಲಿ 600 ಡಿಗ್ರಿಗೆ ತೂಕ ಇಳಿಯುವುದು ನಿಲ್ಲುವವರೆಗೆ ಸುಡಿ. ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಈ ಫರ್ನೇಸ್ ಸಿಗಬಹುದು. ಉಳಿದದ್ದು 1.5 ಗ್ರಾಂ ಇದ್ದರೆ 30%. ಅಷ್ಟಕ್ಕೇ ನಂಬಬೇಡಿ, ಭೂತಗನ್ನಡಿ ಹಿಡಿಯಿರಿ: ಗ್ಲಾಸ್ ಆದರೆ ಹೊಳೆಯುವ ಸಣ್ಣ ಎಳೆಗಳ ಜೊಂಪೆ ಕಾಣುತ್ತದೆ. ಬರೀ ಬಿಳಿ ಪುಡಿಯಾದರೆ ಟಾಲ್ಕಿನಂಥ ಅಗ್ಗದ ಖನಿಜ ತುಂಬಿದ್ದಾರೆ. ತೂಕ ಸರಿ, ಬಲ ಇಲ್ಲ.

ಆಮೇಲೆ ಬಾಗಿಸಿ ನೋಡಿ. ಪಾರ್ಟಿನ ಸಪಾಟು ಜಾಗದಿಂದ 80 ಮಿ.ಮೀ. ಉದ್ದ, 10 ಅಗಲ, 4 ದಪ್ಪದ ಎರಡು ಪಟ್ಟಿ ಕತ್ತರಿಸಿ. ಒಂದು ಗೇಟಿನಿಂದ (ಕರಗಿದ ಮಾಲು ಅಚ್ಚಿನೊಳಗೆ ನುಗ್ಗುವ ಬಾಯಿ) ಮಾಲು ಹರಿದ ದಿಕ್ಕಿಗೆ, ಇನ್ನೊಂದು ಅಡ್ಡಕ್ಕೆ. 64 ಮಿ.ಮೀ. ಅಂತರದ ಎರಡು ಆಸರೆಗಳ ಮೇಲಿಟ್ಟು, ನಡುವೆ 5 ಕೆ.ಜಿ. ತೂಗು ಹಾಕಿ, ಪಟ್ಟಿ ಎಷ್ಟು ಇಳಿಯಿತೆಂದು ಡಯಲ್ ಗೇಜಿನಲ್ಲಿ ಓದಿ. ಮಾಡ್ಯುಲಸ್ 9 ಗಿಗಾಪಾಸ್ಕಲ್ ಇದ್ದರೆ 0.56 ಮಿ.ಮೀ. ಇಳಿಯುತ್ತದೆ, ಬರೀ ನೈಲಾನ್ ಆದರೆ 1.67. ದಪ್ಪವನ್ನು ಮೈಕ್ರೋಮೀಟರಿನಲ್ಲೇ ಅಳೆಯಿರಿ: ಬಾಗುವಿಕೆ ದಪ್ಪದ ಘನಕ್ಕೆ ವಿಲೋಮ, 4ರ ಬದಲು 3.8 ಇದ್ದರೆ ಶೇ 17 ಹೆಚ್ಚು ಇಳಿಯುತ್ತದೆ. ಅಡ್ಡಪಟ್ಟಿ ಹೆಚ್ಚು ಬಾಗುವುದು ಸಹಜ, ಎಳೆಗಳು ಹರಿವಿನ ಗುಂಟ ಮಲಗಿರುತ್ತವೆ. ಮಾಲಿನ ಕಂಪನಿ ಕೊಡುವ ಡೇಟಾಶೀಟಿನ ಅಂಕಿ ಹೆಚ್ಚಿನ ಎಳೆಗಳು ಉದ್ದಕ್ಕೆ ಮಲಗಿದ ಪರೀಕ್ಷಾ ಪಟ್ಟಿಯದು. ನಿಮ್ಮ ಲೆಕ್ಕಕ್ಕೆ ಅಡ್ಡಪಟ್ಟಿಯ ಅಂಕಿ ಹಿಡಿಯಿರಿ.

ಬೋಲ್ಟ್ ತೂತಿನ ಆಚೆ ಎರಡು ಹರಿವು ಕೂಡುವ ವೆಲ್ಡ್ ಲೈನ್ ಅದಕ್ಕಿಂತ ದುರ್ಬಲ. ಎಳೆಗಳು ಆ ಗೆರೆ ದಾಟುವುದಿಲ್ಲ, ಬಲ ಅರ್ಧಕ್ಕೂ ಇಳಿಯಬಹುದು. ಭಾರ ಅಲ್ಲಿ ಬೀಳದಂತೆ ಗೇಟಿನ ಜಾಗವನ್ನು ಡೈ (ಅಚ್ಚು) ಕೊರೆಯುವ ಮುಂಚೆಯೇ ಹೇಳಿ.

ತೇವದ್ದು ಎರಡು ಬೇರೆ ಲೆಕ್ಕ. ಮುಗಿದ ಪಾರ್ಟು ಗಾಳಿಯ ತೇವ ಹೀರಿದರೆ ಮೃದುವಾಗುತ್ತದೆ, ಪೆಟ್ಟು ತಾಳುತ್ತದೆ. ಮಾಡ್ಯುಲಸ್ ಮಾತ್ರ 7ರ ಹತ್ತಿರ ಇಳಿಯುತ್ತದೆ. ನಮ್ಮ ಏಪ್ರಿಲ್–ಮೇ ಒಣಹವೆಯಲ್ಲಿ ತೇವ ಬಿಟ್ಟುಕೊಟ್ಟು ಗಡಸಾಗಿ ಪೆಟ್ಟಿಗೆ ಸೀಳುವುದೂ ಉಂಟು. ಅಚ್ಚಿಗೆ ಹೋಗುವ ದಾನಾದಲ್ಲಿ (ಕರಗಿಸುವ ಮುಂಚಿನ ಪ್ಲಾಸ್ಟಿಕ್ ಕಾಳು) ತೇವ ಇದ್ದರೆ ಕೆಡುಕೇ ಬೇರೆ. ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಚೀಲದ ಮಾಲನ್ನು 80 ಡಿಗ್ರಿಯಲ್ಲಿ ಕನಿಷ್ಠ 4 ಗಂಟೆ ಒಣಗಿಸಿ ತೇವ 0.2%ಕ್ಕಿಂತ ಕೆಳಗಿಳಿಸದಿದ್ದರೆ, ಮಾಲು ಕರಗಿಸುವ ಬ್ಯಾರೆಲ್‌ನ ಕಾವಿನಲ್ಲಿ ನೀರು ನೈಲಾನಿನ ಅಣುಗಳ ಸರಪಳಿಯನ್ನೇ ಕಡಿಯುತ್ತದೆ. ತೇವದ ಗುರುತಾಗಿ ಮೈಮೇಲೆ ಬೆಳ್ಳಿ ಗೆರೆ ಎದ್ದ ಪಾರ್ಟನ್ನು ವಾಪಸ್ ಕಳಿಸಿ. ಆಮೇಲೆ ಎಷ್ಟು ಒಣಗಿಸಿದರೂ ಕಡಿದ ಸರಪಳಿ ಕೂಡುವುದಿಲ್ಲ.