ನಲ್ಲಿ, ಶವರ್, ಕೆಟಲ್‌ನಲ್ಲಿ ಕಟ್ಟಿದ ಬಿಳಿ ಸುಣ್ಣ ತೆಗೆಯಲು ಅಡುಗೆಮನೆಯ ಹುಳಿ ಸಾಕು

ಬೋರ್ ನೀರಿನ ಮನೆಯಲ್ಲಿ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಹೊಸ ನಲ್ಲಿ ಹಾಕಿಸಿ ಆರು ತಿಂಗಳಾಗಿರುವುದಿಲ್ಲ, ಬುಡದಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ. ಶವರ್‌ನ ಅರ್ಧ ತೂತು ಮುಚ್ಚಿ ನೀರು ತಲೆಗೆ ಬೀಳುವ ಬದಲು ಗೋಡೆಗೆ ಹಾರುತ್ತದೆ. ಕೋಲಾರ, ತುಮಕೂರು ಕಡೆಯವರಿಗೂ, ಬೆಂಗಳೂರಲ್ಲಿ ಬೋರ್‌ವೆಲ್, ಟ್ಯಾಂಕರ್ ನಂಬಿಕೊಂಡವರಿಗೂ ಇದು ತಪ್ಪದ ಗೋಳು.

ಉಪ್ಪು ಕಟ್ಟಿದೆ ಅನ್ನುತ್ತೇವಲ್ಲ, ಅದು ಅಡುಗೆ ಉಪ್ಪಿನ ಥರ ನೀರಿಗೆ ಕರಗುವುದಿಲ್ಲ. ಅದರಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲೇ. ನೆಲದೊಳಗೆ ನೀರು ಕರಗಿಸಿಕೊಂಡು ತಂದದ್ದು, ಆ ನೀರು ಆರಿದಾಗಲೋ ಕಾದಾಗಲೋ ಮತ್ತೆ ಕಲ್ಲಾಗಿ ಕೂರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ ಎಂಬುದು ನಮ್ಮ ದೇಶದ ಮಾನದಂಡ. ಕಲ್ಲನ್ನು ಸೋಪು ಕರಗಿಸುವುದಿಲ್ಲ, ಹುಳಿ ಕರಗಿಸುತ್ತದೆ. ಆದರೆ ಹುಳಿಗೆ ಸಮಯ ಕೊಡಬೇಕು. ನಾನು ಮೊದಲು ಸ್ಟೀಲ್ ನಾರು ಹಿಡಿದು ತಿಕ್ಕಿ ನಲ್ಲಿಯ ಹೊಳಪನ್ನೇ ಕಳೆದಿದ್ದೆ, ಸುಣ್ಣ ಮಾತ್ರ ಅಲ್ಲೇ ಇತ್ತು.

ನಲ್ಲಿಗೆ ಹೀಗೆ ಮಾಡಿ. ಹಳೆಯ ಬಟ್ಟೆಯನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ ಸುಣ್ಣ ಇರುವ ಕಡೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ, ಇಲ್ಲದಿದ್ದರೆ ಬಟ್ಟೆ ಬೇಗ ಒಣಗುತ್ತದೆ. ಅರ್ಧ ಗಂಟೆ ಬಿಟ್ಟು ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ. ಹೋಗದಿದ್ದರೆ ಇನ್ನೊಂದು ಸಲ ಮಾಡಿ, ರಾತ್ರಿಯೆಲ್ಲ ಬಿಡಬೇಡಿ, ಕ್ರೋಮ್ ಲೇಪ ಮಂಕಾಗುತ್ತದೆ. ತೆಳು ಕಲೆಗೆ ಇಷ್ಟೆಲ್ಲ ಬೇಡ. ಚಿತ್ರಾನ್ನಕ್ಕೆ ಹಿಂಡಿದ ನಿಂಬೆ ಹೋಳು ಇರುತ್ತದಲ್ವಾ, ಅದನ್ನೇ ತಿಕ್ಕಿ ಹತ್ತು ನಿಮಿಷ ಬಿಡಿ.

ಶವರ್ ಬಿಚ್ಚಲು ಬಂದರೆ ಬಿಚ್ಚಿ, ಬಿಸಿನೀರು ಮತ್ತು ವಿನೆಗರ್ ಅರ್ಧರ್ಧ ಬೆರೆಸಿದ ಮಗ್ಗಿನಲ್ಲಿ ಮುಳುಗಿಸಿಡಿ. ಆಮೇಲೆ ತೂತುಗಳಿಗೆ ಪಿನ್ ಹಾಕಿ. ರಬ್ಬರ್ ತೂತಾದರೆ ಹೆಬ್ಬೆರಳಲ್ಲಿ ತಿಕ್ಕಿದರೂ ಸಾಕು, ಸುಣ್ಣ ಪುಡಿಯಾಗಿ ಬೀಳುತ್ತದೆ.

ಕೆಟಲ್‌ಗೆ ನನ್ನ ಆಯ್ಕೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ. ದಿನಸಿ ಅಂಗಡಿಯಲ್ಲಿ ಸಿಗುತ್ತದೆ, ವಿನೆಗರ್‌ನ ಘಾಟು ಇಲ್ಲ. ಒಂದು ಲೀಟರ್ ನೀರು ಬಿಸಿ ಮಾಡಿ, ಸ್ವಿಚ್ ತೆಗೆದು, ಸ್ವಲ್ಪ ಆರಿದ ಮೇಲೆ ಒಂದು ದೊಡ್ಡ ಚಮಚ ಪುಡಿ ಹಾಕಿ. ಕುದಿಯುವ ನೀರಿಗೆ ಹಾಕಿದರೆ ನೊರೆ ಉಕ್ಕುತ್ತದೆ. ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ, ಅದು ಸುಣ್ಣ ಕರಗುವಾಗ ಹೊರಬರುವ ಇಂಗಾಲದ ಡೈಆಕ್ಸೈಡ್. ಗುಳ್ಳೆ ನಿಂತ ಮೇಲೆ ಚೆಲ್ಲಿ, ಬರೀ ನೀರನ್ನು ಎರಡು ಸಲ ಕುದಿಸಿ ಚೆಲ್ಲಿ. ಒಳಗೆ ಇನ್ನೂ ಬಿಳಿ ಇದ್ದರೆ ಹೊಸ ಪುಡಿ ಹಾಕಿ. ಅಲ್ಯೂಮಿನಿಯಂ ಪಾತ್ರೆಗೆ ಇದನ್ನು ಮಾಡಬೇಡಿ, ಹುಳಿ ಅದನ್ನು ತಿನ್ನುತ್ತದೆ. ತಾಮ್ರದ ಹಂಡೆಗಾದರೆ ಹುಣಸೆಹಣ್ಣು, ಕಲ್ಲುಪ್ಪು ಹಾಕಿ ತಿಕ್ಕುವ ನಮ್ಮ ಹಳೆಯ ಪದ್ಧತಿಯೇ ಸರಿ.

ಈಗ ವಿಡಿಯೊಗಳಲ್ಲಿ ವಿನೆಗರ್‌ಗೆ ಅಡುಗೆ ಸೋಡಾ ಸುರಿದು ಬುಸ್ ಅಂತ ನೊರೆ ಬರಿಸಿ ತೋರಿಸುತ್ತಾರೆ. ಸುಮ್ನೆ ನಂಬಬೇಡಿ. ಸೋಡಾ ಹುಳಿಯನ್ನೇ ಕೊಲ್ಲುತ್ತದೆ, ಸುಣ್ಣ ತಿನ್ನಲು ಏನೂ ಉಳಿಯುವುದಿಲ್ಲ. ಸೋಡಾ ಬೇಕಿದ್ದರೆ ಆಮೇಲೆ ಜಿಡ್ಡಿಗೆ ಬಳಸಿ.

ಮೂರು ಕಡೆ ದಯವಿಟ್ಟು ಹುಷಾರು. ಮಾರ್ಬಲ್, ಕಡಪ ಕಲ್ಲು, ಮೊಸಾಯಿಕ್ ನೆಲದ ಮೇಲೆ ಹುಳಿ ಬೀಳಬಾರದು. ಅವುಗಳಲ್ಲೂ ಸುಣ್ಣವೇ ಇರುವುದು, ಹೊಳಪು ಹೋದರೆ ಪಾಲಿಶ್ ಮಾಡಿಸದೆ ಬರುವುದಿಲ್ಲ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರುವ ಕ್ಲೀನರ್ ಹಾಕಿದ ಜಾಗಕ್ಕೆ ವಿನೆಗರ್ ಹಾಕಲೇಬೇಡಿ, ಕ್ಲೋರಿನ್ ಅನಿಲ ಬರುತ್ತದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ. ಇನ್ನು ಬಾಟಲಿಯಲ್ಲಿ ಬರುವ ಬಚ್ಚಲು ಆಸಿಡ್: ಅದು ಸುಣ್ಣದ ಜೊತೆ ನಲ್ಲಿಯನ್ನೂ ನಿಮ್ಮ ಕೈಯನ್ನೂ ಸುಡುತ್ತದೆ, ಮಕ್ಕಳಿರುವ ಮನೆಗಂತೂ ಬೇಡವೇ ಬೇಡ.

ನೀರು ಕಾಯಿಸುವ ರಾಡ್ ಮೇಲೂ ದಪ್ಪ ಪದರ ಕೂರುತ್ತದೆ, ಅದರಿಂದ ನೀರು ಕಾಯಲು ಜಾಸ್ತಿ ಹೊತ್ತು ಬೇಕು. ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ನಿಂಬೆ ಉಪ್ಪಿನ ಬೆಚ್ಚನೆ ನೀರು ತುಂಬಿ ಸುರುಳಿಯನ್ನು ಮಾತ್ರ ಇಳಿಬಿಡಿ. ಮೇಲಿನ ಹಿಡಿ ಒದ್ದೆಯಾಗಬಾರದು. ಒಂದು ಗಂಟೆಯ ನಂತರ ತೊಳೆದು, ಹಿಡಿ ಒಣಗಿದೆಯಾ ಅಂತ ಮುಟ್ಟಿ ನೋಡಿಯೇ ಮತ್ತೆ ಬಳಸಿ.