ಹಳೇ ಕೀಬೋರ್ಡ್ ಕೊಳ್ಳುವ ಮುಂಚೆ ಒಮ್ಮೆ ಅಲ್ಲಾಡಿಸಿ ನೋಡಿ

ಮುಂಬೈ ಗೆಳೆಯರೇ, ಲ್ಯಾಮಿಂಗ್ಟನ್ ರೋಡ್ ಅಥವಾ ಚೋರ್ ಬಜಾರ್ ಕಡೆ ಹಳೇ ಐಬಿಎಂ ಮಾಡೆಲ್ ಎಂ ಕೀಬೋರ್ಡ್ ಕಣ್ಣಿಗೆ ಬಿದ್ದರೆ ಸುಮ್ನೆ ಬಿಟ್ಟು ಬರಬೇಡಿ. 1985ರಲ್ಲಿ ಶುರುವಾದ ಮಾದರಿ ಅದು. ತಯಾರಾದ ತಾರೀಕು ಹಿಂಬದಿಯ ಚೀಟಿಯಲ್ಲೇ ಇರುತ್ತದೆ.

ಕೊಳ್ಳುವ ಮುಂಚೆ ಮೆಲ್ಲಗೆ ಅಲ್ಲಾಡಿಸಿ. ಒಳಗೆ ಗಲಗಲ ಅಂದರೆ ತಗಡು ಹಿಡಿದಿರುವ ಪ್ಲಾಸ್ಟಿಕ್ ರಿವೆಟ್‌ಗಳು ಮುರಿದಿರಬಹುದು. ಸಣ್ಣ ಬೋಲ್ಟ್ ಹಾಕಿ ಸರಿ ಮಾಡಬಹುದು, ಆದರೆ ಕೆಲಸ ಜಾಸ್ತಿ, ಬೆಲೆ ಇಳಿಸಿ ಕೇಳಿ. ಆಮೇಲೆ ಒಂದೊಂದೇ ಕೀ ಒತ್ತಿ. ಒಳಗಿನ ಸ್ಪ್ರಿಂಗ್ ಬಾಗಿ 'ಟಕ್' ಅನ್ನಬೇಕು. ಆ ಸದ್ದಿಗೇ ಅಲ್ವಾ ನಾವು ಹುಡುಕುವುದು!

ಮನೆಗೆ ತಂದ ಮೇಲೆ ಕೀಗಳ ಫೋಟೋ ತೆಗೆದು, ಅವುಗಳ ಮೇಲಿನ ಅಕ್ಷರದ ಮುಚ್ಚಳಗಳನ್ನು ಬಿಚ್ಚಿ, ಉಗುರು ಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ. ಕೀಬೋರ್ಡ್‌ನ ಮೈಗೆ ಮಾತ್ರ ನೀರು ಬೇಡ, ಬ್ರಷ್ ಸಾಕು. ಮಳೆಗಾಲದಲ್ಲಿ ಮುಚ್ಚಳಗಳನ್ನು ಫ್ಯಾನ್ ಕೆಳಗೆ ಎರಡು ದಿನ ಬೋರಲು ಹಾಕಿಡಿ. ಡೊಂಬಿವಲಿಯ ನಮ್ಮ ಮನೆಯಲ್ಲಿ ಒಮ್ಮೆ ಮರುದಿನವೇ ಜೋಡಿಸಿದೆ. ಮುಚ್ಚಳದ ಕೆಳಗಿನ ಕೊಳವೆಯಲ್ಲಿ ಉಳಿದಿದ್ದ ಒಂದೇ ಹನಿಗೆ ಸ್ಪ್ರಿಂಗ್ ತುದಿ ಕೆಂಪಗೆ ತುಕ್ಕು ಹಿಡಿಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗಿನ ಲ್ಯಾಪ್‌ಟಾಪ್‌ಗೆ ಜೋಡಿಸಲು ಒಳಗೆ ಚಿಪ್ ಇರುವ ಯುಎಸ್‌ಬಿ ಕನ್ವರ್ಟರ್ ಕೇಳಿ ತನ್ನಿ. ಬರೀ ಪಿನ್ ಬದಲಿಸುವ ಅಗ್ಗದ ತುಂಡಿನಲ್ಲಿ ಇದು ಓಡುವುದಿಲ್ಲ.